ಕೂಲಿ ದಾನವಲ್ಲ

ಹೆಂಗಸರಿಗೆ ಕೊಡುವ ಕೂಲಿಯನ್ನು ಉಪಕಾರವೆಂದು ಭಾವಿಸುವ ಪರಿಪಾಠವು ವರ್ತಕ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಛತ್ರಕ್ಕೂ ಗೋಶಾಲೆಗೂ ಧಾರಾಳವಾಗಿ ತೆರೆಯುವ ಕೈ, ಹೊರೆ ಇಳಿಸಿ ಅಂಗಡಿಯ ಮುಂದೆ ನಿಂತವಳ ಎದುರಿಗೆ ಏಕೆ ಬಿಗಿಯಾಗುತ್ತದೆ? ದಾನದ ಮೊತ್ತವನ್ನು ಕಲ್ಲಿನಲ್ಲಿ ಕೆತ್ತಿಸುವವರುಂಟು. ಕೂಲಿಯ ಮೊತ್ತವನ್ನು ಕಾಗದದಲ್ಲಿ ಬರೆದಿಡುವವರೂ ಇಲ್ಲ.

ಅಹಮದಾಬಾದಿನ ಬಟ್ಟೆಪೇಟೆಯಲ್ಲಿ 1971ರಲ್ಲಿ ಕಂಡದ್ದು ಇದನ್ನೇ. ತಲೆಹೊರೆಯ ಹೆಂಗಸರಿಗೆ ಹೊತ್ತ ಬಾರಿಯ ಲೆಕ್ಕದಲ್ಲಿ ಕೂಲಿ. ಆದರೆ ಎಷ್ಟು ಬಾರಿ ಹೊತ್ತರೆಂಬುದಕ್ಕೆ ದಾಖಲೆಯೇ ಇಲ್ಲ. ಅಲ್ಲಿನ ಗಿರಣಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರು ಈ ವಂಚನೆಯನ್ನು ಪತ್ರಿಕೆಯಲ್ಲಿ ಬರೆದರು. ವರ್ತಕರು ಕೆರಳಿ, ತಾವು ನ್ಯಾಯವಾದ ದರವನ್ನೇ ಕೊಡುತ್ತಿರುವುದಾಗಿ ಪ್ರತಿಲೇಖನ ಪ್ರಕಟಿಸಿದರು. ಇಳಾ ಭಟ್ ಅವರ ಕಡೆಯವರು ಆ ಹೇಳಿಕೆಯನ್ನೇ ಚೀಟಿಗಳಲ್ಲಿ ಅಚ್ಚುಹಾಕಿಸಿ ಹೆಂಗಸರಿಗೆ ಹಂಚಿದರು! ಕೂಲಿ ಕೇಳುವಾಗ ವರ್ತಕರ ಮಾತನ್ನೇ ವರ್ತಕರಿಗೆ ತೋರಿಸುವಂತಾಯಿತು.

ಹೆಂಗಸಿನ ದುಡಿಮೆ ಸಂಸಾರದ ಮೇಲುಖರ್ಚಿಗೆ, ಆದ್ದರಿಂದ ಕಡಿಮೆ ಕೊಟ್ಟರೂ ಸಾಕೆಂಬ ವಾದವೊಂದುಂಟು. ಅವಳು ಕೊಳ್ಳುವ ಜೋಳಕ್ಕೆ ಯಾವ ಅಂಗಡಿಯವನು ಬೆಲೆ ಇಳಿಸಿದ್ದಾನೆ? ಹೊತ್ತವರು ಗಂಡೋ ಹೆಣ್ಣೋ ಎಂದು ತಕ್ಕಡಿಯಂತೂ ಕೇಳುವುದಿಲ್ಲ.

ತಪ್ಪು ವರ್ತಕರೊಬ್ಬರದೇ ಅಲ್ಲ. ಮಜೂರ್ ಮಹಾಜನವನ್ನು ಕಟ್ಟಿ ಬೆಳೆಸಿದವರಲ್ಲಿ ಮೊದಲಿಗರು ಅನಸೂಯಾ ಸಾರಾಭಾಯಿ, ಜೈನ ಗಿರಣಿ ಮಾಲೀಕರ ಮನೆತನದ ಮಗಳು. 1918ರ ಮುಷ್ಕರದಲ್ಲಿ ಆಕೆ ಒಡಹುಟ್ಟಿದ ತಮ್ಮ, ಮಾಲೀಕರ ಮುಂದಾಳು ಅಂಬಾಲಾಲ್ ಅವರ ಎದುರು ನೇಯುವವರ ಪಕ್ಷದಲ್ಲಿ ನಿಂತರು. ಶೇಕಡಾ 20ಕ್ಕಿಂತ ಹೆಚ್ಚಿಲ್ಲವೆಂದಿದ್ದ ಮಾಲೀಕರು ಕೊನೆಗೆ ಶೇಕಡಾ 35 ಕೊಡಬೇಕಾಯಿತು. ಅಂಥ ಹಿರಿಮೆಯ ಸಂಘವೇ 1981ರಲ್ಲಿ, ಮೀಸಲಾತಿ ಗಲಭೆಗಳ ನಡುವೆ ಇಳಾ ಭಟ್ ಅವರು ದಲಿತರ ಪರ ದನಿಯೆತ್ತಿದ ಮೇಲೆ, ಅವರು ಕಟ್ಟಿದ ಹೆಂಗಸರ ಸಂಘ ‘ಸೇವಾ’ವನ್ನು ಹೊರಹಾಕಿತು. ಸರಕಾರದ ಕಾರ್ಮಿಕ ಇಲಾಖೆಯಾದರೋ 1972ರಲ್ಲಿ ‘ಸೇವಾ’ದ ನೋಂದಣಿಗೇ ಅಡ್ಡಿ ತಂದಿತ್ತು: ಗೊತ್ತಾದ ಯಜಮಾನನೇ ಇಲ್ಲದವರು ಯಾರೊಡನೆ ಹೋರಾಡುವರೆಂಬ ವಿಚಿತ್ರ ತರ್ಕ!

ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರ ಕಾಯಿದೆ ಸಾರಿತು. ಆದರೆ ಹೊತ್ತ ಹೊರೆಗೆ ಚೀಟಿಯೇ ಇಲ್ಲದವಳು ಯಾವ ಕಚೇರಿಯಲ್ಲಿ ಏನನ್ನು ತೋರಿಸಿಯಾಳು? ನ್ಯಾಯವಾದ ದರ ಕೊಡುತ್ತೇವೆನ್ನುವ ವರ್ತಕರು ಆ ದರವನ್ನು ದಪ್ಪಕ್ಷರಗಳಲ್ಲಿ ಬರೆಸಿ ಅಂಗಡಿಯ ಬಾಗಿಲಿಗೆ ತೂಗಹಾಕಲಿ. ದಿನವೂ ಹೊರೆಗಳನ್ನೆಣಿಸಿ ಚೀಟಿ ಬರೆದುಕೊಡಲಿ.