ಬೆಂಡಿಗೂ ಬೆಲೆ ಬೇಕು: ಕಾಗಿನೆಲೆ ಸೀಮೆಯ ಗೋವಿನಜೋಳ ಬೆಳೆಗಾರರ ಹಕ್ಕೊತ್ತಾಯ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ, ಇವರ ಮೂಲಕ ಕರ್ನಾಟಕ ಸರ್ಕಾರಕ್ಕೆ

ಮಾನ್ಯರೇ,

ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ನಮ್ಮಲ್ಲಿ ಒಲೆಗೆ ಹೋಗುತ್ತದೆ. ಮಿಕ್ಕಿದ್ದು ಬದುವಿನ ಮೇಲೆ ಬೂದಿಯಾಗುತ್ತದೆ. ಆ ಬೆಂಡಿನ ಸುಮಾರು ಮೂರನೇ ಒಂದು ಪಾಲು ಕ್ಸೈಲಾನ್ ಎಂಬ ನಾರು. ಅದನ್ನು ಬೇರ್ಪಡಿಸಿ ಕಿಣ್ವದಿಂದ ತುಂಡರಿಸಿದರೆ ಕ್ಸೈಲೋ-ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸಿಗುತ್ತದೆ. ಇಂಥ ಸಸ್ಯದ ಸಕ್ಕರೆಗಳನ್ನೇ ‘ಪ್ರಿಬಯಾಟಿಕ್’ ಎಂದು ಕರೆದು, ಚರ್ಮದ ಮೇಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವೆಂದು ಹೇಳಿ, ಕ್ರೀಮುಗಳಲ್ಲಿ ಬೆರೆಸಿ ಮಾರುತ್ತಾರೆ. ಈವರೆಗೆ ಹೆಚ್ಚು ಹೆಸರು ಮಾಡಿದ್ದು ಚಿಕೋರಿ ಬೇರಿನ ಇನ್ಯುಲಿನ್. ಅಕ್ಕಿಯೆದುರು ರಾಗಿಯನ್ನು ಗೆಲ್ಲಿಸಿ ‘ರಾಮಧಾನ್ಯ ಚರಿತೆ’ ಬರೆದ ಕನಕದಾಸರ ಊರಿನವರು ನಾವು. ಬೆಂಡಿನ ಪರ ವಾದಿಸಲು ಸಂಕೋಚವಿಲ್ಲ.

1. ಮೊದಲು ಪರೀಕ್ಷೆಯಾಗಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ನಮ್ಮ ಹೊಲದ ಬೆಂಡನ್ನೇ ಒಯ್ದು, ಟನ್ನಿಗೆ ಎಷ್ಟು ಸಕ್ಕರೆ ಬರುತ್ತದೆ, ಖರ್ಚೆಷ್ಟು ಎಂದು ಕನ್ನಡದಲ್ಲಿ ವರದಿ ಕೊಡಲಿ. ಗಿಟ್ಟುವುದಿಲ್ಲ ಎಂದಾದರೆ ಅದನ್ನೂ ಬರೆಯಲಿ. ಒಲೆ ಎಲ್ಲಿಗೂ ಹೋಗಿಲ್ಲ.

2. ಪಂಚಾಯಿತಿಗೊಂದು ಚಾವಣಿಯಿರುವ ಸಿಮೆಂಟ್ ಕಣ ಬೇಕು. ಈಗ ಒಣಗಿಸುವುದು ಡಾಂಬರು ರಸ್ತೆಯ ಮೇಲೆ. ಒಂದು ಅಕಾಲ ಮಳೆ ಬಿದ್ದರೆ ತೆನೆಗೆ ಬೂಸು ಹಿಡಿಯುತ್ತದೆ, ಅದರ ಜೊತೆ ಅಫ್ಲಟಾಕ್ಸಿನ್ ವಿಷವೂ ಬರಬಹುದು. ಅಂಥ ಬೆಂಡನ್ನು ಯಾರ ಮುಖಕ್ಕೂ ಹಚ್ಚಲಾಗದು.

3. ಬೆಂಡಿಗೆ ಪ್ರತ್ಯೇಕ ದರ ನಿಗದಿಯಾಗಲಿ. 2025–26ರಲ್ಲಿ ಕೇಂದ್ರ ಘೋಷಿಸಿದ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಕಾಳಿಗೆ ಮಾತ್ರ. ಬ್ಯಾಡಗಿ ಮೆಣಸಿನಕಾಯಿಯ ಪಾಠ ನಮ್ಮ ಕಣ್ಣೆದುರಿಗೇ ಇದೆ: 2011ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು, ಅದರ ಕೆಂಪು ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ, ರೈತನ ಕೈಗೆ ಬರುವುದು ಮಾತ್ರ ಕಾಯಿಯ ದರ. 2024ರ ಮಾರ್ಚ್‌ನಲ್ಲಿ ಆ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಹೊತ್ತಿದ ಬೆಂಕಿಯನ್ನು ತಾವು ಮರೆತಿರಲಾರಿರಿ. ಬೆಂಡಿನ ವ್ಯವಹಾರ ಶುರುವಾಗುವ ಮೊದಲೇ ಲಾಭದ ಪಾಲು ಕರಾರಿನಲ್ಲಿ ಬರಲಿ.

4. ಒಣಗಿಸಿ ಪುಡಿ ಮಾಡುವ ಕೆಲಸ ಇಲ್ಲಿನ ಮಹಿಳಾ ಸಂಘಗಳಿಗೆ ಸಿಗಲಿ. ತರಬೇತಿಯನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಕೊಡಲಿ. ನಾರು ಬೇರ್ಪಡಿಸಲು ಕ್ಷಾರ ಬಳಸುವುದಾದರೆ ಆ ನೀರು ನಮ್ಮ ಕೆರೆಗೆ ಒಂದು ಹನಿಯೂ ಬರಕೂಡದು.

5. ಕ್ರೀಮಿನ ಡಬ್ಬಿಯ ಮೇಲೆ ಈ ಸಕ್ಕರೆಯ ಪ್ರಮಾಣವನ್ನು ಕನ್ನಡದಲ್ಲೂ ಬರೆಯುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಘಟಕಗಳ ಪಟ್ಟಿ ಕಡ್ಡಾಯ, ಆದರೆ ಶೇ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಚಿಟಿಕೆ ಸಕ್ಕರೆ, ದೊಡ್ಡ ಹೆಸರು. ‘ಪ್ರಿಬಯಾಟಿಕ್’ ಎನ್ನಬೇಕಾದರೆ ಸೂಕ್ಷ್ಮಜೀವಿಗಳು ಅದನ್ನು ಆಯ್ದು ಬಳಸಿ ಮನುಷ್ಯನಿಗೆ ಪ್ರಯೋಜನವಾಗಬೇಕು ಎಂಬುದು 2017ರಲ್ಲಿ ವಿಜ್ಞಾನಿಗಳು ಒಪ್ಪಿದ ವ್ಯಾಖ್ಯೆ. ಅದನ್ನು ತೋರಿಸಿದವರಿಗಷ್ಟೇ ಆ ಪದ ಸಲ್ಲಲಿ.

6. ಇಸುಬು ವಾಸಿ, ಮೈಬಣ್ಣ ಬಿಳುಪು ಎನ್ನುವ ಜಾಹೀರಾತಿಗೆ ನಮ್ಮ ಬೆಂಡು ಕೊಡುವುದಿಲ್ಲ.

7. ಉತ್ತರ ಕನಕ ಜಯಂತಿಯೊಳಗೆ ಬರಲಿ. ಸುಗ್ಗಿಯೂ ಆಗಲೇ, ಬೆಂಡಿನ ರಾಶಿಯೂ ಆಗಲೇ. ಸಭೆ ಹಾವೇರಿಯ ಕಚೇರಿಯಲ್ಲಿ ಬೇಡ, ಕಾಗಿನೆಲೆಗೆ ಬನ್ನಿ.

ಇಂತಿ,
ಕಾಗಿನೆಲೆ ಮತ್ತು ಸುತ್ತಲಿನ ಹಳ್ಳಿಗಳ ಗೋವಿನಜೋಳ ಬೆಳೆಗಾರರು