ದುಬೈ ಲೈಸೆನ್ಸ್, ಯಲಹಂಕದ ರಸ್ತೆ

ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ನಮ್ಮ ಕರಾವಳಿಯ ಅನೇಕರಿಗೆ ಈಗ ಮನೆಯಿರುವುದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಕಡೆ. ಮಗಳಿಗೆ ಕಲಿಕಾ ಲೈಸೆನ್ಸ್ ಸಿಕ್ಕಿದೆ. ಅಪ್ಪನಿಗೆ ದುಬೈಯಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ ಅನುಭವ. "ಬಾ ಮಗಳೇ, ನಾನೇ ಕಲಿಸುತ್ತೇನೆ" ಎನ್ನುವುದು ಸಹಜ. ಆದರೆ ಅವರು ಇಲ್ಲಿನ ಲೈಸೆನ್ಸ್ ಮಾಡಿಸಿಯೇ ಇಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 3ನೇ ನಿಯಮವನ್ನು ನೋಡಬೇಕು. ಕಲಿಯುವವರ ಜತೆ, ಆ ವಾಹನ ಓಡಿಸಲು ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿದವರು, ಗಾಡಿಯನ್ನು ತಡೆದು ನಿಲ್ಲಿಸಬಹುದಾದ ಜಾಗದಲ್ಲಿ ಕುಳಿತಿರಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು 'ಎಲ್' ಅಕ್ಷರವೂ ಬೇಕು. 1988ರ ಕಾಯ್ದೆ ಚಾಲನಾ ಲೈಸೆನ್ಸ್ ಎಂದು ಕರೆಯುವುದು ತನ್ನ 2ನೇ ಅಧ್ಯಾಯದಡಿ ಕೊಟ್ಟದ್ದನ್ನು. ಹಾಗಾಗಿ ದುಬೈ ಕಾರ್ಡು ಈ ಕೆಲಸಕ್ಕೆ ಸಾಲದು ಎಂದೇ ನಾವು ತಿಳಿಯುತ್ತೇವೆ.

ಇದು ಬರೀ ದಂಡದ ಮಾತಲ್ಲ. ಕಾರಿನ ವಿಮಾ ಪತ್ರ ತೆಗೆದು ನೋಡಿ. ಕಲಿಯುವವರು 3ನೇ ನಿಯಮ ಪಾಲಿಸಿರಬೇಕೆಂದು ಚಾಲಕರ ಷರತ್ತಿನಲ್ಲೇ ಬರೆದಿರುತ್ತದೆ. ಹೆಬ್ಬಾಳ ಮೇಲ್ಸೇತುವೆಯ ಹತ್ತಿರ ಒಬ್ಬ ಬೈಕ್ ಸವಾರನಿಗೆ ತಾಗಿದರೆ, ಪರಿಹಾರದ ಹೊರೆ ಮನೆಯವರ ಮೇಲೆಯೇ ಬಿದ್ದೀತು.

ಅನುಭವವನ್ನು ನಾವು ಹಗುರ ಮಾಡುತ್ತಿಲ್ಲ. (ಆದರೂ ರಸ್ತೆಯ ಬಲಗಡೆ ಓಡಿಸಿ ರೂಢಿಯಾದ ಕಣ್ಣು ಇಲ್ಲಿನ ತಿರುವಿನಲ್ಲಿ ತಪ್ಪು ಕಡೆ ನೋಡುವುದುಂಟು!) ವಿದೇಶದ ಲೈಸೆನ್ಸ್ ಇದ್ದವರಿಗೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೊಡುವ ಅವಕಾಶ ಕಾಯ್ದೆಯ 9ನೇ ಕಲಮಿನಲ್ಲಿದೆ. ಯಲಹಂಕದ ಅಥವಾ ಯಶವಂತಪುರದ ಆರ್‌ಟಿಓ ಕಚೇರಿಯಲ್ಲಿ ಅಪ್ಪ ಮೊದಲು ತಮ್ಮ ಅರ್ಜಿ ಹಾಕಲಿ. ಅಲ್ಲಿಯವರೆಗೆ ಮಗಳ ಪಕ್ಕದಲ್ಲಿ ಇಲ್ಲಿನ ಲೈಸೆನ್ಸ್ ಇರುವ ಚಿಕ್ಕಪ್ಪನೋ ಡ್ರೈವಿಂಗ್ ಶಾಲೆಯವರೋ ಕೂರಲಿ. ಅಪ್ಪ ಹಿಂದಿನ ಸೀಟಿನಲ್ಲಿ.