ಟೆನಿಸ್ ಅಂಗಳದ ಬದಲಿ ಕೂಲಿಗಳು

ಟೆನಿಸ್ ಎಂದೊಡನೆ ನಮ್ಮ ವಾಚಕರಲ್ಲಿ ಹಲವರು ಈ ಪುಟ ಮಗುಚುವರೆಂದು ಬಲ್ಲೆವು. ಬಿಳಿ ಷರಾಯಿ, ಕ್ಲಬ್ಬಿನ ಹುಲ್ಲು, ಸಾಹೇಬರ ಸಂಜೆಯ ವಿನೋದ. ಗಿರಣಿಯ ಪಾಳಿ ಮುಗಿಸಿ ಬಂದವನಿಗೂ, ಅಂಗಡಿಯ ಬಾಗಿಲು ಹಾಕಿ ಲೆಕ್ಕ ಬರೆಯಲು ಕುಳಿತವನಿಗೂ ಇದರೊಡನೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಅದು ಆಟದ ಸಂಬಂಧವಲ್ಲ, ಕೂಲಿಯ ಸಂಬಂಧ.

2023ರ ಸೆಪ್ಟೆಂಬರಿನಲ್ಲಿ, ಆಗ ಭಾರತದ ಪುರುಷರಲ್ಲಿ ಮೊದಲನೆಯವರಾಗಿದ್ದ ಟೆನಿಸ್ ಆಟಗಾರ ಶ್ರೀ ಸುಮಿತ್ ನಾಗಲ್‌ರು ಪತ್ರಿಕೆಯವರ ಮುಂದೆ ತಮ್ಮ ಜಮಾಖರ್ಚು ಬಿಚ್ಚಿಟ್ಟರು. ಬ್ಯಾಂಕಿನಲ್ಲಿ ಉಳಿದದ್ದು 900 ಯೂರೋ, ನಮ್ಮ ಹಣದಲ್ಲಿ ಸುಮಾರು 80,000 ರೂಪಾಯಿ. ಆ ವರ್ಷ ಅಷ್ಟು ಹೊತ್ತಿಗೆ ಅವರು 24 ಪಂದ್ಯಾವಳಿಗಳಲ್ಲಿ ಆಡಿ ಸುಮಾರು 65 ಲಕ್ಷ ಗಳಿಸಿದ್ದರು. ಅರವತ್ತೈದು ಲಕ್ಷವೇ ಎಂದು ಹುಬ್ಬೇರಿಸುವ ಮುನ್ನ ಖರ್ಚಿನ ಕಡೆಯನ್ನೂ ನೋಡಬೇಕೆಂದು ವ್ಯಾಪಾರಿ ಮಿತ್ರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ವರ್ಷದ ಖರ್ಚು 80 ಲಕ್ಷದಿಂದ ಒಂದು ಕೋಟಿ. ಅದೂ ಜೊತೆಗೆ ಒಬ್ಬನೇ ತರಬೇತುದಾರನನ್ನು ಇಟ್ಟುಕೊಂಡು. ವಿಮಾನದ ಟಿಕೆಟ್ಟು, ಹೋಟೆಲಿನ ಬಾಡಿಗೆ, ತರಬೇತುದಾರನ ಊಟ, ಹರಿದ ರಾಕೆಟ್ಟಿನ ತಂತಿ, ಎಲ್ಲವೂ ಆಡುವವನ ಜೇಬಿನಿಂದಲೇ. ಇಂಡಿಯನ್ ಆಯಿಲ್ ಸಂಸ್ಥೆಯ ತಿಂಗಳ ಸಂಬಳವೂ ಮಹಾರಾಷ್ಟ್ರದ ಒಂದು ಪ್ರತಿಷ್ಠಾನದ ನೆರವೂ ಇಲ್ಲದಿದ್ದರೆ ಆ 80,000ವೂ ಉಳಿಯುತ್ತಿರಲಿಲ್ಲ. ಆ ವರ್ಷದ ಗಳಿಕೆಯಲ್ಲಿ ಅತಿ ದೊಡ್ಡ ಮೊತ್ತ, ಸುಮಾರು 18 ಲಕ್ಷ, ಬಂದದ್ದು ಅಮೆರಿಕನ್ ಓಪನ್ನಿನ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಸೋತದ್ದಕ್ಕೆ! ದೊಡ್ಡ ಬಾಗಿಲಲ್ಲಿ ಸೋತರೂ ಲಕ್ಷಗಳು, ಸಣ್ಣ ಬಾಗಿಲಲ್ಲಿ ಗೆದ್ದರೂ ಪುಡಿಗಾಸು. ಈ ಕಸುಬಿನ ರೀತಿಯೇ ಹೀಗೆ.

ಈತ ಯಾವ ಕೋಟ್ಯಧೀಶನ ಕುವರನೂ ಅಲ್ಲ. ಹರಿಯಾಣದ ಝಜ್ಜರ್ ಜಿಲ್ಲೆಯ ಒಂದು ಹಳ್ಳಿಯವರು, ಶಾಲಾ ಮಾಸ್ತರರ ಮಗ. (ಮಾಸ್ತರರ ಸಂಬಳದಲ್ಲಿ ರಾಕೆಟ್ಟು ಕೊಳ್ಳುವುದೆಂದರೇನೆಂದು ನಮಗೂ ಸ್ವಲ್ಪ ಗೊತ್ತು.) ಹತ್ತು ವರ್ಷದ ಹುಡುಗನನ್ನು ಶ್ರೀ ಮಹೇಶ್ ಭೂಪತಿಯವರ ತರಬೇತಿ ಯೋಜನೆಗೆ ಆರಿಸಿ ಬೆಂಗಳೂರಿಗೆ ಕರೆತಂದರು. ಯೋಜನೆ ನಡುವಿನಲ್ಲೇ ನಿಂತುಹೋಯಿತು. ಭೂಪತಿಯವರು ಹುಡುಗನ ಕೈಬಿಡಲಿಲ್ಲ. 2017ರಲ್ಲಿ ತಮ್ಮ ಮೊದಲ ಚಾಲೆಂಜರ್ ಪ್ರಶಸ್ತಿಯನ್ನು ಅವರು ಗೆದ್ದದ್ದೂ ಬೆಂಗಳೂರಿನಲ್ಲೇ. 2019ರ ಅಮೆರಿಕನ್ ಓಪನ್ನಿನಲ್ಲಿ ಫೆಡರರ್‌ರಿಂದ ಮೊದಲ ಸೆಟ್ಟನ್ನು ಕಿತ್ತುಕೊಂಡಾಗ ದೇಶವೆಲ್ಲ ಒಂದು ರಾತ್ರಿ ಎದ್ದು ಕುಳಿತಿತು. 2021ರಲ್ಲಿ ಸೊಂಟದ ಶಸ್ತ್ರಕ್ರಿಯೆ ಆದಾಗ ಎದ್ದು ಕುಳಿತವರು ಎಷ್ಟು ಮಂದಿ? ಮರುವರ್ಷ ಅವರ ಸ್ಥಾನ 500ರ ಆಚೆಗೆ ಜಾರಿತು. ರಜೆಯ ಸಂಬಳವಿಲ್ಲ, ಇ.ಎಸ್.ಐ. ಚೀಟಿಯಿಲ್ಲ, ಗಾಯಗೊಂಡವನಿಗೆ ಆಗ ಪರಿಹಾರವೂ ಇರಲಿಲ್ಲ. ಆಟಗಾರನು 'ಸ್ವತಂತ್ರ ಗುತ್ತಿಗೆದಾರ'ನಂತೆ! ಈ ಸ್ವಾತಂತ್ರ್ಯದ ರುಚಿಯನ್ನು ಬೀಡಿ ಕಟ್ಟುವ ತಾಯಂದಿರೂ ಮಗ್ಗದ ಕೂಲಿಗಳೂ ಬಹುಕಾಲದಿಂದ ಬಲ್ಲರು.

ಈ ಏಣಿಯ ಕಟ್ಟಡವನ್ನು ಸ್ವಲ್ಪ ನೋಡೋಣ. ಮೇಲೆ ನಾಲ್ಕು ಗ್ರ್ಯಾಂಡ್ ಸ್ಲಾಂಗಳು ಮತ್ತು ಎ.ಟಿ.ಪಿ. ಪಂದ್ಯಾವಳಿಗಳು, ನಡುವೆ ಚಾಲೆಂಜರ್, ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪಂದ್ಯಾವಳಿಗಳು. ಕೆಳಮೆಟ್ಟಿಲಿನ 15,000 ಡಾಲರ್ ಎಂಬುದು ಒಬ್ಬನಿಗಲ್ಲ, ಎಲ್ಲರಿಗೂ ಸೇರಿ. ಗೆದ್ದವನಿಗೆ 2,160, ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್. ಒಕ್ಕೂಟವೇ 2013ರ ಲೆಕ್ಕ ತೆಗೆದು ನೋಡಿತ್ತು. ಸುಮಾರು 14,000 ವೃತ್ತಿ ಆಟಗಾರರಲ್ಲಿ ಅರ್ಧದಷ್ಟು ಮಂದಿಗೆ ಒಂದು ಕಾಸೂ ಹುಟ್ಟಲಿಲ್ಲ. ತರಬೇತುದಾರನ ಸಂಬಳವನ್ನು ಬದಿಗಿಟ್ಟು ನೋಡಿದರೂ ಪ್ರವಾಸದ ಖರ್ಚು ಗಿಟ್ಟಿದ್ದು 336 ಪುರುಷರಿಗೆ, 253 ಮಹಿಳೆಯರಿಗೆ. ಪುರುಷರ ಬಹುಮಾನದ ಹಣದಲ್ಲಿ ನೂರಕ್ಕೆ ಅರವತ್ತು ಪಾಲು ಮೇಲಿನ 50 ಮಂದಿಯ ಕೈ ಸೇರಿತ್ತು.

ಗಿರಣಿಯ ಬಾಗಿಲಲ್ಲಿ ಮುಂಜಾನೆ ನಿಲ್ಲುತ್ತಿದ್ದ ಬದಲಿ ಕೂಲಿಗಳನ್ನು ಹಿರಿಯ ವಾಚಕರು ಮರೆತಿರಲಾರರು. ಕಾಯಂ ಕೆಲಸಗಾರ ಬಾರದಿದ್ದರೆ ಅಂದು ಕೆಲಸ. ಎಲ್ಲರೂ ಬಂದರೆ ಬುತ್ತಿಯೊಡನೆ ಮನೆಗೆ. ಟೆನಿಸ್ಸಿನಲ್ಲಿಯೂ ಹಾಗೆಯೇ. ಅರ್ಹತಾ ಸುತ್ತಿನ ಕೊನೆಗೆ ಸೋತವನು ಊರಿಗೆ ಹೊರಡದೆ ಹೆಸರು ಬರೆಸಿ ಕಾಯುತ್ತಾನೆ. ಯಾರಿಗಾದರೂ ಕಾಲು ಉಳುಕಿದರೆ ಇವನಿಗೆ ಜಾಗ. ಅವನನ್ನು 'ಲಕಿ ಲೂಸರ್', ಅದೃಷ್ಟವಂತ ಸೋಲುಗಾರ ಎನ್ನುತ್ತಾರೆ. ಬದಲಿಯವನಿಗೆ ಇಂಥ ಚೆಂದದ ಹೆಸರಿಡುವುದು ನಮ್ಮ ಗಿರಣಿ ಮಾಲಿಕರಿಗೂ ಹೊಳೆದಿರಲಿಲ್ಲ.

ಇದಕ್ಕೂ ಕಠಿಣವಾದದ್ದು ಅಂಕಗಳ ಪದ್ಧತಿ. ಗಳಿಸಿದ ಅಂಕ 52 ವಾರ ಮಾತ್ರ ಬಾಳುತ್ತದೆ. 2024ರ ಜನವರಿಯಲ್ಲಿ ನಾಗಲ್‌ರು ಮೂರು ಅರ್ಹತಾ ಪಂದ್ಯ ಗೆದ್ದು ಆಸ್ಟ್ರೇಲಿಯನ್ ಓಪನ್ ಹೊಕ್ಕು, ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್‌ರನ್ನು ಸೋಲಿಸಿದರು. ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನನ್ನು ಭಾರತೀಯನೊಬ್ಬ ಮಣಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್‌ರ ಬಳಿಕ ಅದೇ ಮೊದಲು. ಎರಡನೇ ಸುತ್ತಿನಲ್ಲಿ ಸೋತರೂ 1,80,000 ಆಸ್ಟ್ರೇಲಿಯನ್ ಡಾಲರ್, ಎಂದರೆ ಸುಮಾರು 98 ಲಕ್ಷ ರೂಪಾಯಿ, ಕೈಸೇರಿತು. ಜುಲೈಗೆ 68ನೇ ಸ್ಥಾನ. 2025ರ ಜನವರಿಯಲ್ಲಿ ಅದೇ ಅಂಗಳದಲ್ಲಿ ಮೊದಲ ಸುತ್ತಿನಲ್ಲೇ ಸೋಲು. ಹಳೆಯ ಅಂಕಗಳು ಅಳಿಸಿಹೋದವು, ನೂರರ ಗೆರೆ ತಪ್ಪಿತು. ಆ ವರ್ಷದ ಕೊನೆಗೆ 200ರ ಆಚೆ.

ಸೋತವನಿಗೆ ಕಡಿಮೆ, ಗೆದ್ದವನಿಗೆ ಹೆಚ್ಚು, ಅದರಲ್ಲೇನು ಅನ್ಯಾಯ ಎಂದು ಕೆಲವರು ವಾದಿಸುತ್ತಾರೆ. ಗೆದ್ದವನಿಗೆ ಹೆಚ್ಚು ಕೊಡಬಾರದೆಂದು ನಾವೂ ಹೇಳುವುದಿಲ್ಲ. ಆದರೆ 128 ಮಂದಿ ಇಲ್ಲದೆ ಗ್ರ್ಯಾಂಡ್ ಸ್ಲಾಂ ನಡೆಯದು. ಚಾಂಪಿಯನ್ ಗೋಡೆಯೊಡನೆ ಆಡಲಾರ. ಕೆಳಗಿನ ಅಂಗಳಗಳಿಂದ ಹಣವೇ ಹುಟ್ಟುವುದಿಲ್ಲವೆಂಬುದೂ ಪೂರ್ತಿ ಸತ್ಯವಲ್ಲ. ಪ್ರೇಕ್ಷಕರಿಲ್ಲದ ಆ ಕೆಳಮಟ್ಟದ ಪಂದ್ಯಗಳ ಸ್ಕೋರನ್ನು ಕ್ಷಣಕ್ಷಣಕ್ಕೂ ಒದಗಿಸುವ ಹಕ್ಕನ್ನು ಅಂತರರಾಷ್ಟ್ರೀಯ ಒಕ್ಕೂಟವು ಒಂದು ಮಾಹಿತಿ ಕಂಪನಿಗೆ ಐದು ವರ್ಷಕ್ಕೆ 7 ಕೋಟಿ ಡಾಲರಿಗೆ ಮಾರಿತ್ತು. ಅಲ್ಲಿಂದ ಅದು ಹೋಗುವುದು ಜೂಜಿನ ಕಟ್ಟೆಗಳಿಗೆ. 156 ಡಾಲರಿನವನ ಒಂದೊಂದು ಸರ್ವಿಸಿನ ಮೇಲೂ ದೂರದೇಶದಲ್ಲಿ ಯಾರೋ ಬಾಜಿ ಕಟ್ಟುತ್ತಾರೆ. ಹೊಟ್ಟೆ ತುಂಬದವನ ಮುಂದೆ, ಒಂದು ಸೆಟ್ಟು ಸೋತರೆ ಇಷ್ಟು ಸಾವಿರ ಎಂದು ದಲ್ಲಾಳಿ ಬಂದು ನಿಂತಾಗ ನಡೆಯುವುದೇನು? 2018ರಲ್ಲಿ ಸ್ವತಂತ್ರ ತನಿಖಾ ಮಂಡಲಿಯು ಈ ಕೆಳಮಟ್ಟದಲ್ಲೇ ಮೋಸ ಹೆಚ್ಚೆಂದೂ, ಸ್ಕೋರು ಮಾರಾಟ ಅದಕ್ಕೆ ಒಂದು ಕಾರಣವೆಂದೂ ಬರೆಯಿತು. ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ನಿಷೇಧ. ಸ್ಕೋರು ಮಾರಿದವರಿಗೆ ಯಾವ ನಿಷೇಧವೂ ಇಲ್ಲ.

2024ರಲ್ಲಿ ನಾಗಲ್‌ರು ದೇಶದ ಪರ ಡೇವಿಸ್ ಕಪ್ ಆಡಲು ವರ್ಷಕ್ಕೆ 50,000 ಡಾಲರ್ ಕೇಳಿದರೆಂದು ರಾಷ್ಟ್ರೀಯ ಟೆನಿಸ್ ಸಂಸ್ಥೆಯವರು ಬಹಿರಂಗವಾಗಿ ಆಕ್ಷೇಪಿಸಿದರು. ದುಡಿಮೆಗೆ ಪ್ರತಿಫಲ ವೃತ್ತಿಕ್ರೀಡೆಯಲ್ಲಿ ವಾಡಿಕೆಯೆಂದು ನಾಗಲ್‌ರು ಉತ್ತರಿಸಿದರು. ಅವರ ಕಡೆಯೇ ನ್ಯಾಯವಿದೆಯೆಂದು ನಮ್ಮ ಅಭಿಪ್ರಾಯ. ಕೂಲಿ ಕೇಳಿದವನಿಗೆ ದೇಶಭಕ್ತಿಯ ಪಾಠ ಹೇಳುವುದು ನಮ್ಮ ಕಿವಿಗೆ ಹೊಸದಲ್ಲ.

ಸ್ವಲ್ಪ ಬೆಳಕೂ ಕಾಣುತ್ತಿದೆ. 2020ರಲ್ಲಿ ಜೋಕೊವಿಚ್ ಮತ್ತು ಪೊಸ್ಪಿಸಿಲ್‌ರು ಆಟಗಾರರದೇ ಸಂಘವೊಂದನ್ನು ಕಟ್ಟಿದರು. ಆ ಸಂಘ 2025ರ ಮಾರ್ಚಿನಲ್ಲಿ ಆಡಳಿತ ಸಂಸ್ಥೆಗಳ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2024ರಿಂದ ಎ.ಟಿ.ಪಿ. ಸಂಸ್ಥೆಯೂ ಮೊದಲ 250 ಪುರುಷರಿಗೆ ಕನಿಷ್ಠ ವರಮಾನದ ಖಾತರಿ ಕೊಟ್ಟಿತು. ಮೊದಲ ವರ್ಷ ನೂರರೊಳಗಿನವರಿಗೆ 3,00,000 ಡಾಲರ್, 176ರಿಂದ 250ರವರೆಗಿನವರಿಗೆ 75,000. ಒಳ್ಳೆಯದೇ. 251ನೆಯವನಿಗೆ ಏನು ಎಂದು ಮಾತ್ರ ಕೇಳಬಾರದು.

ಆ 251ನೆಯವನೂ ಅವನಿಗಿಂತ ಕೆಳಗಿನವರೂ ನಮ್ಮ ಊರುಗಳಿಗೂ ಬರುತ್ತಾರೆ. 2023ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ 25,000 ಡಾಲರ್ ಪಂದ್ಯಾವಳಿಗಳು ನಡೆದವು. ಆ ದರ್ಜೆಯಲ್ಲಿ ಮೊದಲ ಸುತ್ತಿನಲ್ಲಿ ಸೋತವನಿಗೆ 260 ಡಾಲರ್, ಸುಮಾರು 21,000 ರೂಪಾಯಿ. ವಿದೇಶದಿಂದ ಬಂದವನ ವಿಮಾನದ ಟಿಕೆಟ್ಟಿಗೂ ಸಾಲದು. ಆಟಗಾರರಿಗೆ ವಸತಿ ಒದಗಿಸುವ ಪಂದ್ಯಾವಳಿಗಳಿಗೆ ಒಕ್ಕೂಟದ ನಿಯಮದಲ್ಲೇ ಪ್ರತ್ಯೇಕ ಗುರುತು ಇದೆ. ಮುಂದೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರದ ಅನುದಾನ ಬೇಡುವ ಸಂಘಟಕರಿಗೆ ಕ್ರೀಡಾ ಇಲಾಖೆ ಒಂದೇ ಷರತ್ತು ಹಾಕಲಿ: ಸೋತವನೂ ಸೇರಿ ಎಲ್ಲ ಆಟಗಾರರಿಗೂ ಆ ವಾರ ಮಲಗಲು ಕೋಣೆ, ಎರಡು ಹೊತ್ತಿನ ಊಟ. ಉದ್ಘಾಟನೆಯ ಹಾರತುರಾಯಿಗಳ ಖರ್ಚನ್ನು ಕೈಬಿಟ್ಟರೂ ಅದರಲ್ಲಿ ಒಂದು ಪಾಲು ಹೊರಟೀತು.